ಹಲ್ಲು ತಪಾಸಣೆಗೆ ಬೀಗರ ಊಟ

ಯಳಂದೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಅಂಗಡಿ ಇದೆ. ಜೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೊ, ಎಲ್ಲ ಮಾಡಿಕೊಡುತ್ತೇನೆ. ಆದರೆ ನನ್ನ ಕೀರ್ತಿ ಹಬ್ಬಿರುವುದು ಮದುವೆ ಪತ್ರಿಕೆಗಳಿಂದ. ಕೊಳ್ಳೇಗಾಲದಿಂದ ಹನೂರಿನವರೆಗೆ ಯಾರ ಮನೆಯಲ್ಲಿ ಮದುವೆ ನಿಶ್ಚಯವಾದರೂ "ಪತ್ರಿಕೆ ಮಹೇಶನ ಹತ್ರಾನೇ ಬರೆಸಿ" ಅನ್ನುತ್ತಾರೆ. ಅಂದರೆ, ಅನ್ನುತ್ತಾರೆಂದು ನಾನು ನಂಬಿದ್ದೇನೆ.

ಇಂಥ ಸಾಹಿತ್ಯಪ್ರತಿಭೆ ಹೊನ್ನೂರಿನ ಪಕ್ಕದ ನಮ್ಮೂರಿನಲ್ಲೇ ವಾಸವಾಗಿರುವಾಗ, ನಮ್ಮ ಪ್ರಾಥಮಿಕ ಶಾಲೆಯ ಸೂಚನೆಗಳನ್ನು ಬೇರೆಯವರು ಬರೆಯುವುದು ಅನ್ಯಾಯವೇ ಸರಿ. ನನ್ನ ಮಗಳು ಸಿಂಚನ ಅಲ್ಲೇ ಮೂರನೇ ಕ್ಲಾಸು. ನಾನು ಶಾಲೆಯ ಪೋಷಕರ ಸಮಿತಿಯಲ್ಲಿ ಸದಸ್ಯ. ಯುಗಾದಿ ಹತ್ತಿರ ಬಂದಿದ್ದಾಗ ಸಮಿತಿಯ ಸಭೆ ಕರೆದ ಹೆಡ್ ಮೇಡಂ ತಲೆ ಮೇಲೆ ಕೈ ಹೊತ್ತು ಕೂತಿದ್ದರು.

"ಬೋರ್ಡ್ ಮೇಲೆ ಬರೆದ್ರೆ ಓದಲ್ಲ. ಮಕ್ಕಳ ಕೈಲಿ ಹೇಳಿ ಕಳಿಸಿದ್ರೆ ಕೇಳಲ್ಲ. ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ಎಲ್ರೂ ಕೈ ಮುಗಿಯೋ ಚಿತ್ರ ಕಳಿಸ್ತಾರೆ. ಬರೋದು ಮಾತ್ರ ಇಲ್ಲ!"

ಮಾತು ಸುಳ್ಳಲ್ಲ. ಹಿಂದಿನ ಪೋಷಕರ ಸಭೆಗೆ ಬಂದವರು ಇಬ್ಬರು. ಅದರಲ್ಲಿ ಒಬ್ಬರು ತಪ್ಪಿಸಿಕೊಂಡ ಮೇಕೆ ಹುಡುಕಿಕೊಂಡು ಬಂದವರು.

"ನನಗೆ ಬಿಡಿ ಮೇಡಂ" ಅಂದೆ.

ಮೇಡಂ ಒಂದು ಚೀಟಿ ಕೊಟ್ಟರು. ಹಬ್ಬ ಮುಗಿದ ಮೇಲೆ ಬೆಳಗಿನ ಶಾಲೆ. ಬಿಸಿಲು ಜಾಸ್ತಿ, ಮಕ್ಕಳಿಗೆ ನೀರಿನ ಬಾಟಲಿ, ಟೋಪಿ ಕೊಟ್ಟು ಕಳಿಸಿ. ಲೈಬ್ರರಿ ಪುಸ್ತಕ ವಾಪಸ್ ಕೊಡಿ. ಶನಿವಾರ ಕೊಳ್ಳೇಗಾಲದಿಂದ ಹಲ್ಲಿನ ಡಾಕ್ಟರು ಬರುತ್ತಾರೆ, ಅವತ್ತೇ ಪೋಷಕರ ಸಭೆ, ಎಲ್ಲರೂ ಬನ್ನಿ.

"ಇಷ್ಟೇ. ಇದನ್ನ ದಪ್ಪ ಅಕ್ಷರದಲ್ಲಿ ಅಚ್ಚು ಹಾಕ್ಕೊಡಿ ಸಾಕು" ಅಂದರು.

ಸಾಕು! ಕಲಾವಿದನಿಗೆ ಹೇಳುವ ಮಾತೇ ಅದು?

ಅಂಗಡಿಗೆ ಬಂದವನೇ ಹಿಂದಿನ ವಾರ ಮಾಡಿದ್ದ ಮದುವೆ ಪತ್ರಿಕೆಯೊಂದನ್ನು ಕಂಪ್ಯೂಟರಿನಲ್ಲಿ ತೆರೆದೆ. ಸುತ್ತ ಅಂಚು ಸಿದ್ಧವಿತ್ತು, ಎರಡು ಕಡೆ ಬಾಳೆಕಂಬ ಇತ್ತು, ಮೇಲೆ ಗಣಪತಿ ಇದ್ದ. ಅಷ್ಟನ್ನೂ ಹೊಸದಾಗಿ ಯಾಕೆ ಮಾಡಬೇಕು? "ವಧೂವರರು" ಇರುವ ಕಡೆಯೆಲ್ಲ "ಮಕ್ಕಳು" ಎಂದೂ, "ಕಲ್ಯಾಣ ಮಂಟಪ" ಇರುವ ಕಡೆಯೆಲ್ಲ "ಶಾಲಾ ಆವರಣ" ಎಂದೂ ಬದಲಾಯಿಸುವಂತೆ ಕಂಪ್ಯೂಟರಿಗೆ ಅಪ್ಪಣೆ ಕೊಟ್ಟೆ. ದಿನ, ವಾರ, ಕರೆಯುವವರ ಹೆಸರನ್ನೂ ಹಾಗೆಯೇ ಬದಲಾಯಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಬದಲಾಯಿತು. ನನ್ನ ಮಾತನ್ನು ಹೀಗೆ ಎದುರಾಡದೆ ಕೇಳುವುದು ಅದೊಂದೇ.

ಆಮೇಲೆ ಮೇಲಿನ ಭಾಗಕ್ಕೆ ಕೈ ಹಚ್ಚಿದೆ. "ಮಾಮರಗಳು ಚಿಗುರಿ, ಕೋಗಿಲೆಗಳು ಪಂಚಮಸ್ವರದಲ್ಲಿ ಉಲಿಯುತ್ತಿರುವ ಈ ವಸಂತಾಗಮನದ ಶುಭಾವಸರದಲ್ಲಿ..." ಎಂದು ಶುರು ಮಾಡಿದವನು ಎಂಟು ಸಾಲು ಉಸಿರು ತೆಗೆದುಕೊಳ್ಳಲಿಲ್ಲ. ಟೋಪಿ ಅನ್ನುವುದು ತೀರಾ ಬಡಪಾಯಿ ಪದ. "ಶಿರಸ್ತ್ರಾಣ" ಮಾಡಿದೆ. ನೀರಿನ ಬಾಟಲಿ "ಜಲಪಾತ್ರೆ" ಆಯಿತು. ಹಲ್ಲು ತಪಾಸಣೆಗೆ "ದಂತಪಂಕ್ತಿ ಪರಿವೀಕ್ಷಣಾ ಸಮಾರಂಭ" ಎಂದು ಬರೆದಾಗ ನನಗೇ ಮೈ ಜುಮ್ಮೆಂದಿತು.

ಮನೆಗೆ ತಂದು ಹೆಂಡತಿ ನಾಗಮಣಿಗೆ ಓದಿದೆ. ಕೋಗಿಲೆಯವರೆಗೆ ಓದಿ, ಅವಳ ಮುಖ ನೋಡಿ, ಮತ್ತೆ ಮೊದಲಿನಿಂದ ಓದಿದೆ.

"ಚೆನ್ನಾಗದ. ಒಂದ್ಸಲ ಕೊನೆಗಂಟ ಓದ್ಕಳಿ" ಅಂದಳು, ಸೊಪ್ಪು ಬಿಡಿಸುತ್ತಲೇ.

"ಕೊನೆಯಲ್ಲೇನಿರುತ್ತೆ? ಬರೀ ಹೆಸರು, ಊರು" ಅಂದೆ. "ನೀನು ಇದನ್ನ ಸ್ಟೇಟಸ್‌ಗೆ ಹಾಕು. ನಿಮ್ಮ ಕಡೆಯವರೂ ನೋಡಲಿ."

ಹಾಕಿದಳು. ಪಾಪ, ಗಂಡನ ಮಾತು ಕೇಳುವುದು ಅವಳು ಅಪರೂಪಕ್ಕೆ. ಇಂಥ ಹೊತ್ತಿನಲ್ಲೇ ಕೇಳಬೇಕೆ?

ಗುರುವಾರ ಮನೆಮನೆಗೂ ಪತ್ರಿಕೆ ಹೋಯಿತು. ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ರಾಚಪ್ಪಣ್ಣ ಪತ್ರಿಕೆ ಹಿಡಿದು ಜಗಲಿಗೆ ಬಂದ. ಅವನ ಮೊಮ್ಮಗ ಒಂದನೇ ಕ್ಲಾಸು.

"ಮಹೇಸ, ಇದೇನ್ಲಾ ದಂತ ಅಂತ ಅದ? ಪಾರೆಸ್ಟ್‌ನೋರು ಬತ್ತಾರಾ? ಆನೆಗೀನೆ ಸತ್ತದಾ?"

"ಅಯ್ಯೋ, ಮಕ್ಕಳ ದಂತಪಂಕ್ತಿ ಅಣ್ಣ."

"ಓ, ಪಂಕ್ತಿ!" ರಾಚಪ್ಪಣ್ಣನ ಮುಖ ಅರಳಿತು. "ಅಂಗಾರೆ ಪಂಕ್ತಿ ಜೋರಾಗೇ ಅದ ಅನ್ನು. ಬುಡು, ಮನೇರೆಲ್ಲ ಬತ್ತೀವಿ."

ಹಲ್ಲಿನ ಬಗ್ಗೆ ಇವನಿಗೆ ಇಷ್ಟು ಕಾಳಜಿಯೇ ಎಂದು ನನಗೆ ಕಣ್ಣು ತುಂಬಿ ಬಂತು. ಅವನ ಬಾಯಲ್ಲಿ ಉಳಿದಿರುವುದೇ ನಾಲ್ಕೋ ಐದೋ!

ಶಾಲೆಯ ಹತ್ತಿರ ಹೋದರೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಅಪ್ಪನ ಬೈಕ್ ಹೆಲ್ಮೆಟ್ ಹಾಕಿಕೊಂಡು, ಗೋಡೆ ತಡವುತ್ತ ಕ್ಲಾಸು ಹುಡುಕುತ್ತಿದ್ದಳು. ಇನ್ನೊಬ್ಬಳ ಅಮ್ಮ ಸೊಂಟದಲ್ಲಿ ತಾಮ್ರದ ಬಿಂದಿಗೆ ಹೊತ್ತು ಬಂದು, "ಜಲಪಾತ್ರೆ ಎಲ್ಲಿಡಾನಾ ಮೇಡಂ?" ಎಂದು ಕೇಳುತ್ತಿದ್ದರು. ಜನಕ್ಕೆ ಕನ್ನಡವೇ ಬರುವುದಿಲ್ಲವಲ್ಲ ಎಂದು ನಾಡಿನ ಭವಿಷ್ಯದ ಬಗ್ಗೆ ಮರುಗುತ್ತ ಮನೆಗೆ ಬಂದೆ.

"ಟೋಪಿ ಅಂತ ಬರದಿದ್ರೆ ನಿಮ್ ಬೆರಳು ಸವೀತಿತ್ತಾ?" ಅಂದಳು ನಾಗಮಣಿ. ಇಂಥವರ ನಡುವೆ ಬದುಕುವುದೇ ಒಂದು ತಪಸ್ಸು.

ಶನಿವಾರ ಬಂತು. ಶಾಲೆಯ ಜಗಲಿಯಲ್ಲಿ ಡಾಕ್ಟರಮ್ಮ ಟೇಬಲ್ಲು ಹಾಕಿಕೊಂಡು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಬಾಯಿಗೂ ಟಾರ್ಚು ಬಿಡುತ್ತಿದ್ದರು. ಮಕ್ಕಳು ಬಿಸಿಯೂಟದ ಉಪ್ಪಿಟ್ಟು ತಿಂದು ಮುಗಿಸುವ ಹೊತ್ತಿಗೆ ಗೇಟಿನಲ್ಲಿ ಪೋಷಕರು ಕಾಣಿಸಿಕೊಂಡರು. ಹೆಂಗಸರು ರೇಷ್ಮೆ ಸೀರೆಯಲ್ಲಿ! ಗಂಡಸರು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ! ಅಜ್ಜಿಯರು, ಕಂಕುಳಲ್ಲಿ ಕೂಸುಗಳು, ಮುಳ್ಳೂರಿನಿಂದ ಆಟೊ ಮಾಡಿಕೊಂಡು ಬಂದ ನೆಂಟರು! ಆವರಣ ತುಂಬಿ, ಕೊನೆಗೆ ಕಾಂಪೌಂಡಿನ ಮೇಲೂ ಜನ ಕೂತರು.

ಮೇಡಂ ಕಣ್ಣಲ್ಲಿ ನೀರು. "ಮಹೇಶ್ ಅವರೇ, ಇಷ್ಟು ವರ್ಷದಲ್ಲಿ ಇಂಥ ಸಭೆ ನೋಡಿಲ್ಲ. ಅಕ್ಷರಕ್ಕೆ ಎಂಥ ಶಕ್ತಿ ಇದೆ ನೋಡಿ!"

ನಾನು ವಿನಯದಿಂದ ತಲೆ ತಗ್ಗಿಸಿದೆ. ಆ ಭಂಗಿಯನ್ನು ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಕಲಿತಿದ್ದೆ.

ಮೇಡಂ ಮೈಕು ಹಿಡಿದು ಮಕ್ಕಳ ಹಾಜರಾತಿಯ ಮಹತ್ವದ ಬಗ್ಗೆ ಮಾತು ಶುರು ಮಾಡಿದರು. ಜನ ಬಹಳ ತಾಳ್ಮೆಯಿಂದ ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ ಹಿಂದಿನಿಂದ ಒಂದು ದನಿ ಬಂತು.

"ಮೇಡಂ, ಎಲೆ ಆಕದು ಎಷ್ಟೊತ್ಗೆ?"

"ಯಾವ ಎಲೆ?"

ರಾಚಪ್ಪಣ್ಣ ಎದ್ದು ನಿಂತ. ಮೊಮ್ಮಗನ ಕೈಗೆ ಪತ್ರಿಕೆ ಕೊಟ್ಟು "ಓದ್ಲಾ ಮಗ, ಕೊನೇದು" ಅಂದ. ಮಗು ಬೆರಳಿಟ್ಟುಕೊಂಡು, ಅಕ್ಷರ ಕೂಡಿಸಿಕೊಂಡು, ಸ್ಪಷ್ಟವಾಗಿ ಓದಿತು.

"ಅದೇ ದಿನ... ಮಧ್ಯಾಹ್ನ... ಶಾಲಾ ಆವರಣದಲ್ಲಿ... ಬೀಗರ ಔತಣಕೂಟ... ಏರ್ಪಡಿಸಲಾಗಿದೆ. ಬಂಧುಮಿತ್ರರೊಡನೆ... ಸಕುಟುಂಬ ಸಮೇತರಾಗಿ... ಬನ್ನಿ!"

ಒಂದನೇ ಕ್ಲಾಸಿಗೇ ಎಷ್ಟು ಚೆನ್ನಾಗಿ ಓದುತ್ತದೆ! ನಮ್ಮ ಶಾಲೆಯ ಮಟ್ಟ ನಿಜಕ್ಕೂ ಒಳ್ಳೆಯದು.

ಹಳೇ ಮದುವೆ ಪತ್ರಿಕೆಯ ಆ ಸಾಲನ್ನು ನಾನು ಅಳಿಸಿಯೇ ಇರಲಿಲ್ಲ. ಕಂಪ್ಯೂಟರು ಮಾತ್ರ ಕಲ್ಯಾಣ ಮಂಟಪವನ್ನು ನಿಷ್ಠೆಯಿಂದ ಶಾಲಾ ಆವರಣ ಮಾಡಿ ಕೂರಿಸಿತ್ತು. ಅದರ ಕೆಳಗೆ "ತಮ್ಮ ಆಗಮನಾಭಿಲಾಷಿ" ಎಂದು ದಪ್ಪ ಅಕ್ಷರದಲ್ಲಿ ನನ್ನ ಹೆಸರು!

ಮೇಡಂ ಕಣ್ಣೀರು ಅಲ್ಲೇ ಇಂಗಿತು. ಮೈಕು ಆಫ್ ಮಾಡುವುದನ್ನು ಮರೆತು, "ಏನ್ರೀ ಇದು?" ಅಂದರು. ಊರೆಲ್ಲ ಕೇಳಿತು.

"ಸನಿವಾರ ಬಾಡೂಟನಾ? ಯಾವನ್ಲಾ ಅಂವ ಸನಿವಾರ ಬಾಡು ಮಾಡ್ಸೋನು?" ಎಂದು ಕಾಂಪೌಂಡಿನ ಕಡೆಯಿಂದ ಒಬ್ಬರು ಕೂಗಿದರು. "ಬಾಡೇ ಇಲ್ಲ ಕನ, ಬರೀ ಬಾಸಣ" ಎಂದು ಇನ್ನೊಬ್ಬರು ಸಮಾಧಾನ ಮಾಡಿದರು.

ಅಷ್ಟರಲ್ಲಿ ಗೇಟಿನ ಹತ್ತಿರ ಗುಂಪು ಸರಿದು ದಾರಿ ಬಿಟ್ಟಿತು. ಅಜ್ಜೀಪುರದಿಂದ ಬಸ್ಸು ಬದಲಾಯಿಸಿ ಬದಲಾಯಿಸಿ ಬಂದ ನನ್ನ ಮಾವ, ನಾಗಮಣಿಯ ಅಪ್ಪ, ಒಳಗೆ ಬಂದರು. ಕೈಯಲ್ಲಿ ಕಾಲು ಕಟ್ಟಿದ ಎರಡು ನಾಟಿ ಕೋಳಿ.

"ಅಳಿಮಯ್ಯ, ಬೀಗ್ರೂಟ ಅಂತ ಊರೆಲ್ಲ ಸಾರಿದ್ದೀಯೆ. ನಿಮ್ಮಪ್ಪಂಗೆ ಬೀಗ ಅಂತ ಇರೋನು ನಾನೊಬ್ಬ. ನನ್ನೇ ಕರೀನಿಲ್ವಲ್ಲ! ಮಗಳ ಸ್ಟೇಟಸ್ ನೋಡ್ಕಂಡು ಬರೋ ಗತಿ ಬಂತು ನಂಗೆ!"

"ಮಾವ, ಅದು ಹಲ್ಲಿಗೆ..."

"ಅಲ್ಲು ಇನ್ನೂ ಗಟ್ಟಿಯಾಗವ ನಂಗೆ. ತಕ್ಕೋ!" ಎಂದು ಕೋಳಿಗಳನ್ನು ನನ್ನ ಕೈಗೆ ತುರುಕಿದರು.

ನಾನು ಪತ್ರಿಕೆ ಬರೆಯುವವನು. ಕೋಳಿ ಹಿಡಿಯುವುದು ನನ್ನ ಕ್ಷೇತ್ರವಲ್ಲ. ಒಂದು ಕೋಳಿ ಬಿಡಿಸಿಕೊಂಡು ಸೀದಾ ಡಾಕ್ಟರಮ್ಮನ ಟೇಬಲ್ಲಿಗೆ ಹಾರಿತು. ಬಾಯಿ ತೆರೆದು ಕೂತಿದ್ದ ಹುಡುಗಿ ಬಾಯಿ ಮುಚ್ಚದೇ ಕಿರುಚಿದಳು. ಟಾರ್ಚು ಒಂದು ಕಡೆ, ಕನ್ನಡಿ ಒಂದು ಕಡೆ, ಡಾಕ್ಟರಮ್ಮ ಕುರ್ಚಿಯ ಮೇಲೆ! ಸಾಲಿನಲ್ಲಿದ್ದ ಮಕ್ಕಳೆಲ್ಲ ಕೋಳಿಯ ಹಿಂದೆ ಓಡಿದರು. ಸಿಂಚನ ಎಲ್ಲರಿಗಿಂತ ಮುಂದೆ.

ಬಿಸಿಯೂಟದ ಚಿಕ್ಕತಾಯಮ್ಮ ಅಡುಗೆ ಕೋಣೆಯಿಂದ ಇಣುಕಿದರು. "ಸಾ, ಉಪ್ಪಿಟ್ಟು ತಳ ಹತ್ತಿರದು ಒಸಿ ಅದ. ಬೀಗ್ರಿಗೆ ಅದನ್ನೇ ಕೆರೆದು ಬಡಿಸನಾ?"

ಜನ ಎದ್ದು ಹೊರಡಲು ಸೀರೆ ಕೊಡವತೊಡಗಿದರು. ಅವರು ಹಸಿದುಕೊಂಡು, ಬೈದುಕೊಂಡು ಹೋದರೆ ಮುಂದೆ ಈ ಗೇಟಿನ ಕಡೆ ತಲೆ ಹಾಕುವವರಲ್ಲ. ಮೇಡಂ ಮುಖ ನೋಡಿದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಸುಮ್ಮನೆ ಚೀಟಿ ಮಡಚುವ ಹಾಗೆ ಸೆರಗಿನ ತುದಿ ಮಡಚುತ್ತಿದ್ದರು. ಅದನ್ನು ಕಂಡು ಮೊದಲ ಸಲ ನನಗೆ ನಿಜಕ್ಕೂ ನಾಚಿಕೆಯಾಯಿತು.

ನಾಗಮಣಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಮೇಡಂ, ನಮ್ಮನೇಲಿ ಒಂದು ಮೂಟೆ ಅಕ್ಕಿ ಅದ. ರಾಚಪ್ಪಣ್ಣನ ಬೇಲೀಲಿ ನಿಂಬೆಹಣ್ಣು ಅವ. ಚಿತ್ರಾನ್ನ ಮಾಡಾನ. ಹೊತ್ಕೊಂಡು ಬರೋಕೆ ಈ ಆಗಮನಾಭಿಲಾಷಿ ಅವ್ರೆ."

ಮೇಡಂ ತಕ್ಷಣ ಮೈಕು ತೆಗೆದುಕೊಂಡರು. "ಎಲ್ಲರೂ ಕೂತ್ಕೊಳ್ಳಿ. ಊಟ ಇದೆ! ಆದ್ರೆ ಅನ್ನ ಬೇಯೋಕೆ ಹೊತ್ತಾಗುತ್ತೆ. ಅಲ್ಲಿತನಕ ಸಭೆ. ಯಾರ ಮನೇಲಿ ಲೈಬ್ರರಿ ಪುಸ್ತಕ ಇದೆಯೋ ಅವ್ರು ಅದನ್ನ ತಂದ್ರೇನೇ ತಟ್ಟೆ!"

ನಾನು ಮೂಟೆ ಹೊತ್ತು ಏದುಸಿರು ಬಿಡುತ್ತ ಬರುವಾಗ ದಾರಿಯುದ್ದಕ್ಕೂ ಜನ ಪುಸ್ತಕ ಹಿಡಿದು ಶಾಲೆಗೆ ಓಡುತ್ತಿದ್ದರು. ಒಂದು ಪುಸ್ತಕದ ಮೇಲೆ ಹಾಲಿನ ಪಾತ್ರೆಯ ಗುಂಡಗಿನ ಗುರುತಿತ್ತು. ಇನ್ನೊಂದು ಇಷ್ಟು ವರ್ಷ ಬೀರುವಿನ ಕಾಲಿಗೆ ಆಸರೆಯಾಗಿತ್ತಂತೆ. ರೇಷ್ಮೆ ಸೀರೆಯವರು ಈರುಳ್ಳಿ ಹೆಚ್ಚಿದರು, ಬೆಂದ ಅನ್ನವನ್ನು ನಾನು ಕಲಸಿದೆ. ಸಾಲಿನಲ್ಲಿ ಕೂತು ಬೇಜಾರಾಗಿ ಅಜ್ಜಿಯರೂ ಹಲ್ಲು ತೋರಿಸಿಕೊಂಡರು. ಮಾವ ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿ ಕೂತು, ಕೋಳಿ ಮತ್ತೆ ಸಿಕ್ಕಿದ್ದಕ್ಕೋ ಏನೋ, ಎರಡನೇ ಸಲ ಚಿತ್ರಾನ್ನ ಹಾಕಿಸಿಕೊಂಡರು.

ಕೊನೆಗೆ ಡಾಕ್ಟರಮ್ಮ ನನ್ನನ್ನೂ ಕರೆದರು. "ನೀವೂ ಬನ್ನಿ, ಬಾಯಿ ತೆಗೀರಿ."

"ಅದೊಂದು ಹೇಳ್ಬ್ಯಾಡಿ ಡಾಕ್ಟ್ರೇ, ಮುಚ್ಸಕ್ಕೆ ಆಗಲ್ಲ" ಅಂದಳು ನಾಗಮಣಿ. ಇಡೀ ಶಾಲೆ ನಕ್ಕಿತು.

ಸೋಮವಾರ ಮೇಡಂ ಹೇಳಿ ಕಳಿಸಿದರು. ರಾಜೀನಾಮೆ ಕೇಳುತ್ತಾರೆಂದು ಗಂಭೀರವಾದ ಪತ್ರವೊಂದನ್ನು ಬರೆದುಕೊಂಡೇ ಹೋದೆ. "ಪ್ರಸಕ್ತ ವಿದ್ಯಮಾನಗಳಿಂದ ಮನನೊಂದು" ಎಂದು ಶುರುವಾಗುತ್ತಿತ್ತು. ಮೇಡಂ ಅದನ್ನು ಬಿಚ್ಚಲೇ ಇಲ್ಲ.

"ಜೂನಲ್ಲಿ ಶಾಲೆ ಶುರುವಾದಾಗ ಮತ್ತೆ ಸಭೆ ಇದೆ. ನೀವು ಇರಲೇಬೇಕು" ಅಂದರು.

ನನ್ನ ಎದೆ ಉಬ್ಬಿತು. "ಈ ಸಲ ಮುಂಗಾರಿನ ವರ್ಣನೆಯಿಂದ ಶುರು ಮಾಡೋಣವೇ ಮೇಡಂ?"

"ಬೇಡ, ಬೇಡ! ಊಟ ಇದೆ ಅಂತ ನಾನೇ ಒಂದು ಸಾಲು ಬರ್ಕೊತೀನಿ. ನಿಮಗೆ ಅಡುಗೆ ಕೋಣೆ. ಅನ್ನ ಚೆನ್ನಾಗಿ ಕಲಸ್ತೀರಂತೆ."

ಹೀಗಾಗಿ ಸಮಿತಿಯಲ್ಲಿ ಈಗ ನನ್ನದು ಚಿತ್ರಾನ್ನ ಕಲಸುವ ಹುದ್ದೆ. ಅದನ್ನಾದರೂ ಘನವಾಗಿ ನಿರ್ವಹಿಸೋಣವೆಂದು ಚಿಕ್ಕತಾಯಮ್ಮನ ಹತ್ತಿರ ಹೋಗಿ, ಚಿತ್ರಾನ್ನದ ಬಗ್ಗೆ ಅಭಿಪ್ರಾಯ ಕೇಳಿದೆ.

"ಕಲ್ಸದು ಚೆನ್ನಾಗೇ ಕಲಸ್ತೀರಿ ಸಾ" ಅಂದರು ಚಿಕ್ಕತಾಯಮ್ಮ. "ಉಪ್ಪು ಮಾತ್ರ ಮರ್ತಿದ್ರಿ, ನೀವು ಅತ್ಲಾಗೆ ವೋದ್ಮೇಲೆ ನಾನೇ ಆಕ್ದಿ."