ಕರ್ಜತ್ ಆಚೆ ಮೂರು ಭಾನುವಾರ

ಪುಕ್ಕಲರಿಗೆ ಇಂಥವು ಆಗುತ್ತಲೇ ಇರುತ್ತವೆ. ಧೈರ್ಯವಂತರು ಅದೇ ದಾರಿಯಲ್ಲಿ ಹೋದರೆ ಒಂದು ಇರುವೆಯೂ ಕಚ್ಚುವುದಿಲ್ಲ. ನಾನು ಹೋದೆನೆಂದರೆ ಏನಾದರೊಂದು ಕಾದುಕೊಂಡೇ ಇರುತ್ತದೆ.

ಎಪ್ಪತ್ತನೇ ಇಸವಿಯ ಆಸುಪಾಸಿನ ಮಾತು. ಪರೇಲ್‌ನ ಚಾಳಿನ ಒಂದು ಕೋಣೆಯಲ್ಲಿದ್ದುಕೊಂಡು ದಾದರ್‌ನಲ್ಲಿ ಗುಮಾಸ್ತನಾಗಿದ್ದೆ. ಬಾಂದ್ರಾದ ಒಂದು ಉಡುಪಿ ಹೋಟೆಲಿನ ಮ್ಯಾನೇಜರರ ಮಗಳು ನನಗೆ ಇಷ್ಟವಾಗಿದ್ದಳು, ಅವಳಿಗೂ ನಾನು. ಮ್ಯಾನೇಜರರದು ಒಂದೇ ಷರತ್ತು. "ಪುಕ್ಕಲನಿಗೆ ಮಗಳನ್ನು ಕೊಡುವ ಕ್ರಮ ನಮ್ಮಲ್ಲಿಲ್ಲ. ಮೂರು ಭಾನುವಾರ ನನ್ನ ಜೊತೆ ಗುಡ್ಡ ತಿರುಗಲು ಬಾ. ನೋಡುವ."

"ಆಗಲಿ ಮಾವ," ಎಂದೆ.

"ಮಾವ ಗೀವ ಎಲ್ಲ ಆಮೇಲೆ," ಎಂದರು.

ದಾದರ್‌ನಿಂದ ಲೋಕಲ್ ರೈಲಿನಲ್ಲಿ ಕರ್ಜತ್‌ವರೆಗೆ ಹೋದರೆ, ಅಲ್ಲಿಂದ ಆಚೆಗೆ ಒಂಟಿ ಹಳಿ. ದಿನಕ್ಕೆ ನಾಲ್ಕಾರು ರೈಲು, ಸುತ್ತ ಗದ್ದೆ, ಗುಡ್ಡ. ಅಲ್ಲಿನ ಒಂದು ಸಣ್ಣ ಸ್ಟೇಶನ್ನಿನಲ್ಲಿ ಇಳಿದು ನಡೆಯುವುದು.

ಇಳಿದದ್ದು

ರೈಲು ಪೂರ್ತಿ ನಿಲ್ಲುವವರೆಗೆ ಒಳಗೆ ಕೂತರೆ ಇಳಿಯಲಿಕ್ಕೇ ಆಗುವುದಿಲ್ಲ ಎಂಬ ಭಯ ಲೋಕಲ್‌ನಲ್ಲಿ ಓಡಾಡುವವರಿಗೆ ರಕ್ತದಲ್ಲೇ ಇರುತ್ತದೆ. ಮೊದಲ ಭಾನುವಾರ ಸ್ಟೇಶನ್ ಕಂಡದ್ದೇ ತಡ, ಹಾರಿದೆ. ನಮ್ಮ ಡಬ್ಬಿಯ ಪಕ್ಕಕ್ಕೆ ಪ್ಲಾಟ್‌ಫಾರ್ಮ್ ಇನ್ನೂ ಬಂದಿರಲಿಲ್ಲ. ಮುಳ್ಳಿನ ಪೊದೆಯಲ್ಲಿ ಬಿದ್ದೆ. ರೈಲು ನಿಧಾನವಾಗಿ ಮುಂದೆ ಹೋಗಿ ನಿಂತಿತು. ಕೋಳಿಬುಟ್ಟಿ ಹಿಡಿದ ಒಬ್ಬ ಅಜ್ಜಿ ಇಳಿದಳು, ಅವಳ ಹಿಂದೆ ಕೊಡೆ ಹಿಡಿದು ಮ್ಯಾನೇಜರರು. ನನ್ನ ಕೆಲಸ ಕೆಟ್ಟಿತು ಎಂದುಕೊಂಡೆ. ಅವರು ಪೊದೆಯ ಹತ್ತಿರ ಬಂದು, "ಓಡುವ ರೈಲಿನಿಂದ ಹಾರಿದೆಯಲ್ಲ, ಗುಂಡಿಗೆ ಉಂಟು ನಿನಗೆ," ಎಂದರು.

ಗುಂಡಿಗೆ ಉಂಟೋ ಇಲ್ಲವೋ, ಮುಳ್ಳಂತೂ ಮೈತುಂಬ ಇತ್ತು.

ಎಮ್ಮೆ ಎದುರಾದದ್ದು

ಎರಡನೆಯ ಭಾನುವಾರ ಕಿರಿದಾದ ಗದ್ದೆ ಬದುವಿನ ಮೇಲೆ ಹೋಗುತ್ತಿದ್ದೆವು. "ಹರೆಯದವನು, ನೀನೇ ಮುಂದೆ ನಡೆ," ಎಂದಿದ್ದರು ಮ್ಯಾನೇಜರರು. ಎದುರಿಗೆ ಬಂದ ಎಮ್ಮೆ ತಲೆ ತಗ್ಗಿಸಿ ಬುಸ್ ಎಂದಿತು. ಓಡು ಎಂದು ಕಾಲಿಗೆ ಹೇಳಿದೆ, ಕಾಲು ಕೇಳಲಿಲ್ಲ. ಹಿಂದಿನಿಂದ ಅಂಗಿ ಎಳೆದ ಹಾಗಾಯಿತು. ಮುಳ್ಳಿಗೆ ಸಿಕ್ಕಿರಬೇಕು ಎಂದುಕೊಂಡೆ. ಕೊನೆಗೆ ಎಮ್ಮೆಗೇ ಬೇಸರ ಬಂದು ಗದ್ದೆಗಿಳಿಯಿತು.

"ಒಂದಿಂಚು ಅಲುಗಲಿಲ್ಲ, ಭಲೆ," ಎಂದರು ಮ್ಯಾನೇಜರರು. ದನಿ ನನ್ನ ಬೆನ್ನಿಗೆ ಅಂಟಿಕೊಂಡೇ ಬಂತು. ಆಮೇಲೆ ನೋಡಿದರೆ ಅಂಗಿಯ ಹಿಂಭಾಗ ಅವರ ಮುಷ್ಟಿಯ ಅಳತೆಗೆ ಮುದ್ದೆಯಾಗಿತ್ತು.

ಸೀಟು ಹಿಡಿದದ್ದು

ಇದೊಂದು ಭಾನುವಾರ ದಾಟಿದರೆ ಮದುವೆ. ಸಂಜೆ ಸ್ಟೇಶನ್ನಿಗೆ ಬಂದಾಗ ಹತ್ತು ಹನ್ನೆರಡು ಜನ ಮೂಟೆ ಹಿಡಿದು ನಿಂತಿದ್ದರು. ಮ್ಯಾನೇಜರರಿಗೆ ಮಂಡಿನೋವು. ಸೀಟು ಸಿಗದೆ ಕರ್ಜತ್‌ವರೆಗೆ ನಿಂತರೆ ಸಿಟ್ಟೆಲ್ಲ ನನ್ನ ಮೇಲೆಯೇ ಎಂದು ಹೆದರಿದೆ. ಅಷ್ಟರಲ್ಲಿ ಕರ್ಜತ್ ಕಡೆಯಿಂದ ಒಂದು ರೈಲು ಬಂತು. ಮುಂದಿನ ಸ್ಟೇಶನ್ನೇ ಅದಕ್ಕೆ ಕೊನೆಯದು.

ದಾದರ್‌ನಲ್ಲಿ ನಾವು ದಿನಾ ಮಾಡುವುದು ನೆನಪಾಯಿತು. ಉಲ್ಟಾ ದಿಕ್ಕಿನ ಲೋಕಲ್ ಹತ್ತಿ, ಕೊನೇ ಸ್ಟೇಶನ್ನಿನಲ್ಲಿ ಇಳಿಯದೆ ಕೂತು, ಅದರಲ್ಲೇ ವಾಪಸು ಬರುವುದು. ಅದಕ್ಕೆ ರಿಟರ್ನ್ ಮಾಡುವುದು ಅನ್ನುತ್ತೇವೆ. "ನೀವು ಇಲ್ಲೇ ಕೂತಿರಿ, ರಿಟರ್ನ್ ಮಾಡಿ ಕಿಟಕಿ ಸೀಟು ಹಿಡಿದುಕೊಂಡು ಬರುತ್ತೇನೆ," ಎಂದೆ.

"ಬೇಡ ಮಾರಾಯ, ಒಟ್ಟಿಗೇ ಹೋಗುವ," ಎಂದರು. ನಾನು ಆಗಲೇ ಹತ್ತಿದ್ದೆ. ಮೂಟೆಯವರೂ ಹತ್ತಿದರು. ಇವರೂ ರಿಟರ್ನ್‌ನವರೇ ಎಂದು ಗಾಬರಿಯಾಗಿ ಒಂದು ಕಿಟಕಿ ಹಿಡಿದು, ಎದುರಿನ ಸೀಟಿಗೆ ಕರವಸ್ತ್ರ ಹಾಸಿದೆ.

ಕೊನೇ ಸ್ಟೇಶನ್ನಿನಲ್ಲಿ ಎಲ್ಲರೂ ಇಳಿದು ಮನೆಗೆ ಹೋದರು. ಗಾರ್ಡ್ ಬಂದು ಇಣುಕಿದ. "ಇದು ನಾಳೆ ಬೆಳಿಗ್ಗೆ ಹೊರಡುವ ಗಾಡಿ. ಇವತ್ತಿನ ಕೊನೆಯದು ಅದು," ಎಂದು ಪಕ್ಕದ ಹಳಿ ತೋರಿಸಿದ. ಅದು ಹೊರಟೇ ಬಿಟ್ಟಿತ್ತು.

ಮ್ಯಾನೇಜರರು ಅದನ್ನು ಹತ್ತಿ ಹೋಗಿಬಿಡುತ್ತಾರೆ, ಮದುವೆಯ ಮಾತು ಅಲ್ಲಿಗೆ ಮುಗಿಯಿತು. ಹಳಿಯ ಪಕ್ಕದಲ್ಲೇ ಓಡಿದೆ. ಹೊತ್ತು ಮುಳುಗುತ್ತಿತ್ತು. ಪೊದೆ ಅಲುಗಿದರೆ ಹುಲಿ, ಕಡ್ಡಿ ಕಂಡರೆ ಹಾವು. ಊರಿನ ದೇವರುಗಳನ್ನೆಲ್ಲ ಕರೆದೆ, ಹೆಸರು ಮುಗಿದರೂ ದಾರಿ ಮುಗಿಯಲಿಲ್ಲ.

ಸ್ಟೇಶನ್ ತಲುಪಿದರೆ ಮ್ಯಾನೇಜರರು ಬೆಂಚಿನ ಮೇಲೆ ಕೊಡೆ ತಬ್ಬಿಕೊಂಡು ಕೂತಿದ್ದಾರೆ.

"ರೈಲು ಬರಲಿಲ್ಲವಾ?" ಎಂದೆ.

"ಬಂತು. ಪೂರ್ತಿ ಖಾಲಿ. ಒಂದು ನರಪಿಳ್ಳೆಯೂ ಇಲ್ಲದ ಡಬ್ಬಿಗೆ ಒಬ್ಬನೇ ಹತ್ತುವುದು ಹೇಗೆ? ಹೆದರಿಕೆಯಾಯಿತು ಮಾರಾಯ."

ಕೊಡೆಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡು, "ಗುಡ್ಡ ನೋಡುವ ಆಸೆ ನನಗೆ ಮೊದಲಿಂದಲೂ ಉಂಟು. ಒಬ್ಬನೇ ಬರಲು ಧೈರ್ಯವಿಲ್ಲ. ಅದಕ್ಕೇ ನಿನ್ನನ್ನು ಕರೆದದ್ದು. ಮನೆಯಲ್ಲಿ ಹೇಳಬೇಡ," ಎಂದರು.

"ಹೇಳುವುದಿಲ್ಲ ಮಾವ," ಎಂದೆ.

ಈ ಸಲ ತಿದ್ದಲಿಲ್ಲ. ನಮ್ಮಿಬ್ಬರನ್ನು ಬಿಟ್ಟರೆ ಒಂದು ನಾಯಿಯೂ ಇಲ್ಲದ ಪ್ಲಾಟ್‌ಫಾರ್ಮಿನಲ್ಲಿ, ಬೆಂಚಿನ ಮೇಲೆ ತಮ್ಮ ಪಕ್ಕಕ್ಕೆ ಹಾಸಿದ್ದ ಕರವಸ್ತ್ರ ತೆಗೆದು, "ಕೂತುಕೋ, ನಿನಗೆ ಸೀಟು ಹಿಡಿದಿಟ್ಟಿದ್ದೇನೆ," ಎಂದರು.