ದೇವರ ಜಗಲಿಯ ಮೇಲೆ ಇಳಿದ ವಿಮಾನ

ಪ್ರತಿ ಮನೆಯಲ್ಲೂ ಸೊಸೆಯ ಬಗ್ಗೆ ಒಂದು ತೀರ್ಪು ಇರುತ್ತದೆ. ವಾದವಿಲ್ಲ, ಸಾಕ್ಷಿಯಿಲ್ಲ, ಮದುವೆಯಾದ ಹೊಸದರಲ್ಲಿ ಒಲೆಯ ಮುಂದೆ ಸುಮ್ಮನೆ ಹೊರಬಿದ್ದುಬಿಡುತ್ತದೆ. ಒಬ್ಬಳದು ಉಪ್ಪು ಸುರಿಯುವ ಕೈ, ಇನ್ನೊಬ್ಬಳದು ಕಪ್ಪುಬಸಿ ಒಡೆಯುವ ಕೈ, ಮತ್ತೊಬ್ಬಳದು ಕೈ ಚೆನ್ನಾಗಿದ್ದರೂ ಬಾಯಿ ದೊಡ್ಡದು. ಇದಕ್ಕೆ ಮೇಲಿನ ಕೋರ್ಟು ಇಲ್ಲ. ಇದ್ದರೂ ಅಲ್ಲಿ ಕೂತಿರುವವರು ಅತ್ತೆಯ ಅಕ್ಕನೇ. ನನ್ನ ಮೇಲೆ ಬಿದ್ದ ತೀರ್ಪು ‘ಸಾಲಿ ಕೈ’, ಅಂದರೆ ಶಾಲೆಯವರ ಕೈ, ಎಂಬುದು. ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹೊರಗಿನವರು ಅದನ್ನು ವಿದ್ಯೆ ಎನ್ನುತ್ತಾರೆ. ನಮ್ಮ ಅತ್ತೆಯ ಪ್ರಕಾರ ಅದು ಕೈಗೆ ಬಂದ ಒಂದು ಬಗೆಯ ಊನ.

ಅವರ ಲೆಕ್ಕದಲ್ಲಿ ಲೋಕದಲ್ಲಿ ಇರುವುದು ಎರಡೇ ಕೈ: ಮಣ್ಣಿನ ಕೈ, ಸಾಲಿ ಕೈ. ಯಾವುದು ಯಾರದೆಂದು ತಿಳಿಯಲು ಪರೀಕ್ಷೆಯೂ ಒಂದಿದೆ, ಮಣ್ಣೆತ್ತಿನ ಅಮಾವಾಸ್ಯೆ. ಆ ದಿನ ಹೊಲದ ಮಣ್ಣು ತಂದು, ಕಲಸಿ, ಜೋಡಿ ಎತ್ತು ಮಾಡಿ ದೇವರ ಜಗಲಿಯ ಮೇಲಿಟ್ಟು ಪೂಜಿಸಬೇಕು. ಪೇಟೆಯಲ್ಲಿ ಮಾಡಿಟ್ಟ ಎತ್ತು ಸಿಗುತ್ತವೆ, ಆದರೆ ನಮ್ಮ ಮನೆಯಲ್ಲಿ ಕೊಂಡು ತಂದ ಎತ್ತಿಗೆ ಪೂಜೆಯಿಲ್ಲ. ಹುಕ್ಕೇರಿಗೆ ಕೊಟ್ಟಿರುವ ನನ್ನ ನಾದಿನಿ ಮಾಡುವ ಎತ್ತುಗಳನ್ನು ನೋಡಿದರೆ ಮುಂದೆ ಒಂದು ಹಿಡಿ ಮೇವು ಹಾಕಬೇಕೆನಿಸುತ್ತದೆ. ಆಕೆ ಪ್ರತಿ ವರ್ಷ ಅವುಗಳ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸುತ್ತಾಳೆ, ಅದೂ ನಾನು ಮಣ್ಣಿನಲ್ಲಿ ಮೊಣಕೈತನಕ ಮುಳುಗಿರುವ ಹೊತ್ತಿಗೆ. ಅತ್ತೆ ಫೋಟೋ ನೋಡುತ್ತಾರೆ, ನನ್ನ ಮಣೆಯ ಮೇಲಿನ ಎತ್ತನ್ನು ನೋಡುತ್ತಾರೆ, ನಿಟ್ಟುಸಿರು ಬಿಡುತ್ತಾರೆ. “ಸುನಂದಾ, ಇದೇನ ಎತ್ತೋ, ನಾಯೋ? ಎತ್ತಂದ್ರ ನೊಗಾ ಹೊರೂ ಹಂಗ ಇರಬೇಕವಾ. ಇದು ಈಗ ಬೊಗಳತೈತಿ ನೋಡ,” ಎಂದು ಹೇಳಿ, ನನ್ನ ಎತ್ತನ್ನು ಮತ್ತೆ ಉಂಡೆ ಮಾಡಿ ತಾವೇ ತಿದ್ದುತ್ತಾರೆ. ಕೋಪವಿಲ್ಲ, ಬೈಗುಳವಿಲ್ಲ. ಅದೇ ಹೆಚ್ಚು ನೋವು. ಈ ಹೆಂಗಸಿನ ಬಾಯಲ್ಲಿ ನನ್ನ ಕೈಯ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಕೇಳಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಸಂಬಳ ಹೆಚ್ಚಾಗಲಿ ಎಂದು ಕೂಡ ನಾನು ಅಷ್ಟು ಹರಕೆ ಹೊತ್ತಿರಲಿಲ್ಲ.

ಹೀಗಿರುವಾಗ ವಿಮಾನ ಬಂತು. ತರಗತಿಯಲ್ಲಿ ಹಾರಾಟದ ಪಾಠ ಮಾಡುವಾಗ ಕೈಯಲ್ಲಿ ಹಿಡಿದು ತೋರಿಸಲು ಏನಾದರೂ ಇರಲಿ ಎಂದು ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಹಳೆಯ ಕಾಲದ, ಒಂದರ ಮೇಲೊಂದು ಎರಡು ರೆಕ್ಕೆಗಳಿರುವ ವಿಮಾನದ ಚಿತ್ರ ಕಂಡಿತು. ಎಷ್ಟು ಚೆಂದ ಎಂದರೆ, ಕೆಳಗೆ ಬರೆದದ್ದನ್ನು ಓದುವ ವ್ಯವಧಾನ ಯಾರಿಗಿರುತ್ತದೆ? ಓದಿ ಓದಿ ಎಂದು ಮಕ್ಕಳಿಗೆ ಹೇಳುವವಳೇ ಓದದೆ ತರಿಸಿಬಿಟ್ಟೆ. ಪಾರ್ಸೆಲ್ಲು ಒಡೆದಾಗ ಒಳಗೆ ವಿಮಾನ ಇರಲಿಲ್ಲ. ಡಬ್ಬಿಯ ಮೇಲೆ ವಿಮಾನದ ಚಿತ್ರವಿತ್ತು, ಒಳಗೆ ಹಗುರ ಕಟ್ಟಿಗೆಯ ಚೂರುಗಳು, ಕಡ್ಡಿಗಳು, ಬೆರಳುಗುರಿನಷ್ಟು ಗಾಲಿಗಳು, ಮತ್ತು ಅಕ್ಷರವೇ ಇಲ್ಲದೆ ಬಾಣದ ಗುರುತುಗಳಲ್ಲೇ ಮಾತಾಡುವ ಒಂದು ಹಾಳೆ. ಅತ್ತೆ ಒಂದು ಹಿಡಿ ಎತ್ತಿ ತೂಗಿ ನೋಡಿ, “ಛಲೋ ಒಣಗ್ಯಾವ. ಒಲಿ ಹೊತ್ತಿಸಾಕ ಆಕ್ಕಾವು,” ಎಂದರು. ನಮ್ಮವರು ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವರು, ಬಿಚ್ಚಿದ ವಸ್ತುಗಳ ನಡುವೆಯೇ ಬದುಕುವವರು. ಅವರು ಹಾಳೆ ತಿರುವಿ, “ತಿರುಗಿ ಕಳಿಸಿಬಿಡ, ನಿನ್ನ ಕೈಲೆ ಆಗೂದಿಲ್ಲ,” ಎಂದರು. ಕಳಿಸುವವಳೇ ಇದ್ದೆ. ಆ ಕೊನೆಯ ಮಾತೊಂದನ್ನು ಅವರು ಆಡಬಾರದಿತ್ತು.

ಊಟದ ಮೇಜಿನ ಅರ್ಧ ಭಾಗ ನನ್ನ ಕಾರ್ಖಾನೆಯಾಯಿತು. ವಿಮಾನ ಕಟ್ಟುವುದು ಕಷ್ಟವಲ್ಲ, ಅಂಟಿನ ಜೊತೆ ಬಾಳುವುದು ಕಷ್ಟ. ಅದಕ್ಕೆ ಕಟ್ಟಿಗೆಗಿಂತ ಮನುಷ್ಯರ ಚರ್ಮದ ಮೇಲೆ ಪ್ರೀತಿ ಜಾಸ್ತಿ. ಒಂದು ಸಂಜೆ ಕೆಳಗಿನ ರೆಕ್ಕೆ ನನ್ನ ಹೆಬ್ಬೆರಳಿಗೆ ಹತ್ತಿಕೊಂಡು ಬಿಡಲೇ ಇಲ್ಲ. ಊಟಕ್ಕೆ ಕೂತಿದ್ದವರಿಗೆ ಎಡಗೈಯಲ್ಲಿ ರೆಕ್ಕೆ ಹಿಡಿದುಕೊಂಡೇ ಬಲಗೈಯಲ್ಲಿ ರೊಟ್ಟಿ ಬಡಿಸಿದೆ. “ಇನ್ನೊಂದ ರೆಕ್ಕಿ ಹಚ್ಕೊಂಡಬಿಡ, ಸಾಲಿಗೆ ಬಸ್ಸ ಕಾಯೂದ ತಪ್ಪತೈತಿ,” ಎಂದರು ನಮ್ಮವರು. ಅತ್ತೆ ನಗಲಿಲ್ಲ. ಅವರಿಗೆ ಬೇರೆಯೇ ಚಿಂತೆ ಹತ್ತಿತ್ತು. ಹಕ್ಕಿಗೆ ಎರಡು ರೆಕ್ಕೆ, ಅದೂ ಆ ಬಾಜೂ ಒಂದು ಈ ಬಾಜೂ ಒಂದು. ಈ ವಿಮಾನಕ್ಕೆ ಒಂದರ ತಲೆಯ ಮೇಲೆ ಇನ್ನೊಂದು ಯಾಕೆ? ಹಳೆಯ ಕಾಲದ ಎಂಜಿನ್ನುಗಳಲ್ಲಿ ಕಸುವು ಕಡಿಮೆ, ಗಾಳಿಯ ಮೇಲೆ ಹೆಚ್ಚು ರೆಕ್ಕೆ ಹರಡಿದರೆ ಮಾತ್ರ ಮೇಲೇಳುತ್ತಿತ್ತು ಎಂದು ನಾನು ಪಾಠ ಶುರುಮಾಡಿದೆ. ಅವರು ಅರ್ಧಕ್ಕೇ ತಡೆದು, “ಒಂದ ಎತ್ತಿನ ಕೈಲೆ ಆಗಲಿಲ್ಲಂದ್ರ ಜೋಡಿ ಹೂಡತೇವಲ್ಲ, ಹಂಗ ಅನ್ನ,” ಎಂದರು. ಮರುದಿನ ತರಗತಿಯಲ್ಲಿ ನಾನು ಅದನ್ನೇ ನನ್ನ ಮಾತಿನಂತೆ ಹೇಳಿ ಮೆಚ್ಚುಗೆ ಪಡೆದೆ.

ಅಂದಿನಿಂದ ಅವರು ಮೇಜಿನ ಹತ್ತಿರ ಸುಳಿಯತೊಡಗಿದರು. ಹೊಗಳಲು ಅಲ್ಲ. ಮೇಲಿನ ರೆಕ್ಕೆಗೆ ಅವರು ಮಾಳಿಗೆ ಎನ್ನುತ್ತಿದ್ದರು. “ಮಾಳಿಗಿ ಸೊಟ್ಟ ಆಗೈತಿ,” ಎನ್ನುವರು, ಹೋಗುವರು. ನಾನು ಮೂಲೆಮಟ್ಟವಿಟ್ಟು ನೋಡಿದರೆ ಸೊಟ್ಟಗೇ ಇರುತ್ತಿತ್ತು. ಬಿಚ್ಚುವುದು, ಉಜ್ಜುವುದು, ಮತ್ತೆ ಅಂಟಿಸುವುದು. ಎರಡು ರೆಕ್ಕೆಗಳ ನಡುವೆ ಬಿಗಿಯಲು ಡಬ್ಬಿಯಲ್ಲಿ ಕೊಟ್ಟಿದ್ದ ದಾರ ಮೊದಲ ಗಂಟಿಗೇ ಹರಿಯಿತು. ಅತ್ತೆ ಕೌದಿ ಹೊಲಿಯುವ ದಾರ ಕೇಳಿದೆ. ಕೌದಿಯ ಚೀಲಕ್ಕೆ ಅವರು ಯಾರನ್ನೂ ಕೈ ಹಾಕಗೊಟ್ಟವರಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಒಂದು ಉಂಡೆ ದಾರ ತೆಗೆದು ಮೇಜಿನ ಮೇಲಿಟ್ಟು ಹೋದರು. ನಮ್ಮವರೂ ಬಗ್ಗಿದರು. ವಿಮಾನದ ಮೂಗಿನ ಮುಂದಿನ ಪಂಕ ಸುಮ್ಮನೆ ಅಂಟಿಕೊಂಡು ನಿಲ್ಲುವುದು ಅವರ ಕಸುಬಿಗೆ ಅವಮಾನವಂತೆ. ಅಂಗಡಿಯಿಂದ ಒಂದು ಪುಟಾಣಿ ಬೇರಿಂಗ್ ತಂದು ಕೂರಿಸಿದರು. ಊದಿದರೆ ಸಾಕು, ಪಂಕ ಗರಗರ ತಿರುಗಿತು. ಮನೆಗೆ ಬಂದವರೆಲ್ಲ ಒಂದೊಂದು ಸಲ ಊದಿಯೇ ಚಹಾ ಕುಡಿಯುತ್ತಿದ್ದರು.

ಇನ್ನು ಬಣ್ಣ. ಡಬ್ಬಿಯ ಚಿತ್ರದಲ್ಲಿದ್ದದ್ದು ಸೈನಿಕರ ಮಾಸಲು ಹಸಿರು. ಅದಕ್ಕಾಗಿ ಬಸ್ಸು ಹಿಡಿದು ಗೋಕಾಕಕ್ಕೆ ಹೋದೆ. ಗೊಂಬೆ ಮಾಡುವ ಊರು, ಅಲ್ಲಿ ಸಿಗದ ಬಣ್ಣವೇ ಎಂಬ ಧೈರ್ಯ. ಆದರೆ ಕಾರಹುಣ್ಣಿಮೆ ಆಗಷ್ಟೇ ಮುಗಿದಿತ್ತು. ಸುತ್ತಲಿನ ಹಳ್ಳಿಯವರೆಲ್ಲ ಎತ್ತಿನ ಕೋಡಿಗೆ ಬಳಿಯಲು ಅಂಗಡಿ ಬಳಿದುಕೊಂಡು ಹೋಗಿದ್ದರು. ನಾನು ಹೊಕ್ಕ ಅಂಗಡಿಯಲ್ಲಿ ಉಳಿದಿದ್ದು ಕೋಡಿನ ವಾರ್ನಿಸಿನ ಸಣ್ಣ ಡಬ್ಬಿಗಳು ಮಾತ್ರ: ಕಡುಕೆಂಪು, ಅರಿಶಿನ ಹಳದಿ, ಬೆಳ್ಳಿ ಬಣ್ಣ. ಅಂಗಡಿಯವರು, “ಹಬ್ಬ ಮುಗದ ಮ್ಯಾಲ ಬಂದೀರಲ್ರಿ ಅಕ್ಕಾರ. ಎಷ್ಟ ಜೋಡಿ ಅದಾವು ನಿಮ್ಮವು?” ಎಂದು ಕೇಳಿದರು. “ಎತ್ತಿಗೆ ಅಲ್ರಿ, ವಿಮಾನಕ್ಕ,” ಎಂದೆ. ಅವರು ತಡವರಿಸಲಿಲ್ಲ. “ಮಳಿಗೆ ಹೋಗೂದಿಲ್ರಿ ಈ ಬಣ್ಣ, ಬಿಸಲಿಗೂ ಹೋಗೂದಿಲ್ಲ. ಆಕಾಶದಾಗ ಅಡ್ಡಾಡಿದ್ರೂ ಚಿಂತಿಲ್ಲ, ಒಯ್ಯರಿ,” ಎಂದು ಕಟ್ಟಿಕೊಟ್ಟರು. ನಾನು ಅದರ ಜೊತೆ ಒಂದಿಷ್ಟು ಕರದಂಟು ಕೊಂಡು, ಹಸಿರು ಸಿಗದ ದುಃಖವನ್ನು ಘಟಪ್ರಭಾ ಬರುವಷ್ಟರಲ್ಲಿ ಅಗಿದು ನುಂಗಿದ್ದೆ.

ಬಣ್ಣ ಬಳಿಯುವಾಗ ನನ್ನೊಳಗೆ ಏನೋ ಬೇರೆಯಾಯಿತು, ಇದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ. ಮಣ್ಣು ನನ್ನ ಬೆರಳಿಗೆ ಎಂದೂ ಒಗ್ಗಿರಲಿಲ್ಲ, ಕುಂಚ ಒಗ್ಗಿತು. ರೆಕ್ಕೆಗಳಿಗೆ ಹಳದಿ, ಮೂಗಿಗೆ ಕೆಂಪು, ಹೊಟ್ಟೆಗೆ ಬೆಳ್ಳಿ. ಬಾಲದ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಎಳೆಯುವಾಗ ಉಸಿರು ಹಿಡಿದಿದ್ದೆ. ಪಕ್ಕದ ಮನೆಯವರು ಗೇಟಿನಲ್ಲಿ ನಿಂತು ಕರೆದರೂ ಓಗೊಡಲಿಲ್ಲ. ಕುಂಚ ಎತ್ತಿದಾಗ ಗೆರೆ ನೆಟ್ಟಗಿತ್ತು. ಚಿತ್ರದಲ್ಲಿದ್ದ ವಿಮಾನ ಯುದ್ಧಕ್ಕೆ ಹೊರಟಿದ್ದರೆ ನನ್ನದು ಮದುವೆಯ ದಿಬ್ಬಣಕ್ಕೆ ಹೊರಟಂತಿತ್ತು. ಇರಲಿ. ನಾನು ಮಾಡಿದ್ದು, ಪೂರ್ತಿ ಮಾಡಿದ್ದು, ನಾಯಿಯಂತೆ ಕಾಣದೆ ವಿಮಾನದಂತೆಯೇ ಕಾಣುತ್ತಿದ್ದುದು. ಅಂಗಳದಲ್ಲಿ ನಿಂತು ಅದನ್ನು ಸಂಜೆಯ ಬೆಳಕಿಗೆ ಹಿಡಿದು ನೋಡಿದೆ, ತಿರುಗಿಸಿ ನೋಡಿದೆ, ಮತ್ತೆ ನೋಡಿದೆ. ನನಗೆ ಅಷ್ಟು ಖುಷಿಯಾಗಿತ್ತು.

ತಪ್ಪಾದದ್ದು ಒಣಗಿಸುವಲ್ಲಿ. ಮೇಜಿನ ಮೇಲಿಟ್ಟರೆ ಇರುವೆ, ಕಿಟಕಿಯಲ್ಲಿಟ್ಟರೆ ಬೆಕ್ಕು, ಎಲ್ಲಿಟ್ಟರೂ ನಮ್ಮವರು ಬಂದು ಪಂಕ ಊದುತ್ತಾರೆ. ಇರುವೆ, ಬೆಕ್ಕು, ಗಂಡ ಈ ಮೂವರೂ ಸ್ನಾನವಿಲ್ಲದೆ ಹತ್ತಿರ ಹೋಗದ ಜಾಗ ನಮ್ಮ ಮನೆಯಲ್ಲಿ ಒಂದೇ, ದೇವರ ಜಗಲಿ. ಮೂಲೆಯಲ್ಲಿ ಒಂದು ಹಾಳೆ ಹಾಸಿ, ಮೇಲೆ ವಿಮಾನ ಇಟ್ಟು, ನಿಶ್ಚಿಂತೆಯಿಂದ ಮಲಗಿದೆ. ಮಾರನೆಯ ದಿನ ಮಣ್ಣೆತ್ತಿನ ಅಮಾವಾಸ್ಯೆ ಎಂಬುದು ಪೂರ್ತಿ ಮರೆತೇಹೋಗಿತ್ತು.

ಬೆಳಗ್ಗೆ ಗಂಟೆಯ ಸದ್ದಿಗೆ ಎದ್ದು ಓಡಿ ಬಂದೆ. ಅತ್ತೆ ನನ್ನನ್ನು ಎಬ್ಬಿಸದೆ ತಾವೇ ಎತ್ತು ಮಾಡಿ ಮುಗಿಸಿದ್ದರು. ಆ ವರ್ಷದ ಪರೀಕ್ಷೆಯಿಂದ ನನಗೆ ಮಾಫಿ ಸಿಕ್ಕಿತ್ತು. ಜಗಲಿಯ ಮೇಲೆ ಜೋಡಿ ಎತ್ತು, ಮುಂದೆ ಅವು ಮೇಯಲು ಮಣ್ಣಿನ ಗ್ವಾದಲಿ, ಗ್ವಾದಲಿಯ ಬಾಜೂ ನನ್ನ ವಿಮಾನ. ಮೂಗಿಗೆ ವಿಭೂತಿ, ಎರಡೂ ರೆಕ್ಕೆಗೆ ಕುಂಕುಮ, ಪಂಕಕ್ಕೆ ಒಂದು ದಾಸವಾಳ. ಮುಂದೆ ಹೋಳಿಗೆಯ ಎಡೆ. ಕೈಜೋಡಿಸಿ ನಿಂತಿದ್ದ ಅತ್ತೆಗೆ, “ಅತ್ತೀ, ಅದು ಒಣಗಲಿ ಅಂತ ಇಟ್ಟಿದ್ದೆ,” ಎಂದೆ. ಅವರು ಕಣ್ಣು ತೆರೆಯದೆಯೇ, “ಜಗಲಿ ಮ್ಯಾಲ ಕುಂತ ಮ್ಯಾಲ ದೇವರ,” ಎಂದರು. ನನ್ನ ಕೈಯಿಂದ ಆದದ್ದೊಂದು ಜಗಲಿ ಏರಿ ಅತ್ತೆಯ ಕೈಯಿಂದ ಪೂಜೆ ಮಾಡಿಸಿಕೊಳ್ಳುತ್ತಿದೆ. ಮನಸ್ಸಿನಲ್ಲೇ ಹುಕ್ಕೇರಿಯ ಕಡೆ ತಿರುಗಿ ಮೀಸೆ ತಿರುವಿದೆ.

ಆ ಗೆಲುವು ಎರಡನೆಯ ಹೋಳಿಗೆಯ ತನಕ ಬಾಳಿತು. ನಮ್ಮವರು ತುಪ್ಪ ಹಾಕಿಸಿಕೊಳ್ಳುತ್ತ, “ಪೂಜಾ ಆತಂದ್ರ ಮುಗೀತ. ನಾಳಿ ಎತ್ತಿನ ಸಂಗಾಟ ಅದನ್ನೂ ಕಾಲುವಿಗೆ ಬಿಡೂದು,” ಎಂದರು. ಬಾಯಿಗೆ ಎತ್ತಿದ ಹೋಳಿಗೆಯನ್ನು ತಟ್ಟೆಗೆ ಇಳಿಸಿದೆ. ನಿಜವೇ. ನಮ್ಮ ಮನೆಯಲ್ಲಿ ಪೂಜೆ ಮುಗಿದ ಮರುದಿನ ಎತ್ತುಗಳನ್ನು ಕಾಲುವೆಯ ನೀರಿಗೆ ಬಿಡುವುದು ಪದ್ಧತಿ. ಅದು ದೇವರಲ್ಲ, ಬರೀ ವಿಮಾನ ಎಂದು ವಾದಿಸಿದರೆ ವಿಮಾನ ಉಳಿಯುತ್ತದೆ, ಆದರೆ ಇಷ್ಟು ವರ್ಷಕ್ಕೆ ಸಿಕ್ಕ ಮರ್ಯಾದೆ ನಾನೇ ತೆಗೆದು ಹಾಕಿದಂತೆ. ದೇವರೇ ಎಂದು ಒಪ್ಪಿಕೊಂಡರೆ ಮರ್ಯಾದೆ ಉಳಿಯುತ್ತದೆ, ವಿಮಾನ ಮುಳುಗುತ್ತದೆ. ದಿನವಿಡೀ ಜಗಲಿಯ ಮುಂದೆ ಸುಳಿದಾಡಿದೆ. ನನ್ನ ಭಕ್ತಿ ನೋಡಿ ಅತ್ತೆಗೇ ಆಶ್ಚರ್ಯವಾಗಿರಬೇಕು.

ಮರುದಿನ ಅತ್ತೆ ಎತ್ತುಗಳನ್ನು ಬುಟ್ಟಿಗೆ ಇಟ್ಟುಕೊಂಡರು. ವಿಮಾನಕ್ಕೆ ಕೈ ಚಾಚಿದಾಗ ನಾನು ತಡೆಯಲಾರದೆ, “ಅತ್ತೀ, ಇದನ್ನ ನೀರಿಗೆ ಬಿಡಬ್ಯಾಡ್ರಿ,” ಎಂದುಬಿಟ್ಟೆ. ನನ್ನ ಧ್ವನಿ ಅಳುವವರ ಧ್ವನಿಯಾಗಿತ್ತು. ಅವರು ನನ್ನತ್ತ ತಿರುಗಿ, “ನೀರಿಗೆ ಯಾರ ಬಿಡತಾರ?” ಎಂದರು. “ಮಣ್ಣಿಂದು ನೀರಿಗೆ ಹೋಗತೈತಿ. ಇದು ಕಟ್ಟಿಗೀದು. ದಸರಾದ ಖಂಡೇ ಪೂಜಾದಾಗ ಹೊಲದ ಕುಂಟಿ, ಕೂರಿಗಿ ಪೂಜಾ ಮಾಡಿ ಹೊಳಿಗೆ ಒಗಿತೇವೇನ? ಹೊಲಕ್ಕ ಒಯ್ದು ಕೆಲಸಕ್ಕ ಹಚ್ಚತೇವು. ಪೂಜಾ ಮಾಡಿಸ್ಕೊಂಡ ಸುಮ್ಮ ಕುಂದ್ರಾಕ ಇದೇನ ಮಂತ್ರಿ ಐತೇನ?” ನಾನು ಸಮಾಧಾನದ ಉಸಿರು ಬಿಡುವಷ್ಟರಲ್ಲಿ ವಿಮಾನ ಬುಟ್ಟಿಯೊಳಗೆ ಹೋಗಿ, ಬುಟ್ಟಿ ತಲೆಯ ಮೇಲೆ ಹೋಗಿ, ಅತ್ತೆ ಹೊಲದ ದಾರಿ ಹಿಡಿದಾಗಿತ್ತು.

ಸಾಲಿ ಬಿಟ್ಟ ಮೇಲೆ ನೇರ ಹೊಲಕ್ಕೆ ನಡೆದೆ. ಗೋವಿನಜೋಳ ಆಗಷ್ಟೇ ಮೊಳಕೆ ಒಡೆದಿತ್ತು, ನಿನ್ನೆಯ ತನಕ ಕಾಗೆ ಗೊರವಂಕಗಳು ಸಾಲು ಹಿಡಿದು ಕಿತ್ತು ತಿನ್ನುತ್ತಿದ್ದವು. ನಮ್ಮವರ ಹಳೆಯ ಅಂಗಿ ತೊಟ್ಟ ಬೆದರುಗೊಂಬೆಗೆ ಅವು ಹೆದರುತ್ತಿರಲಿಲ್ಲ. ಅಂಗಿಯ ಒಡೆಯರಿಗೆ ನಾನೂ ಅಷ್ಟೇ ಹೆದರುವುದು. ಈಗ ಹೊಲದ ನಡುವೆ ಒಂದು ಉದ್ದ ಗಳ, ಗಳದ ತುದಿಯಲ್ಲಿ ನನ್ನ ವಿಮಾನ. ಗಾಳಿ ಬಂದ ಕಡೆಗೆ ಮೂಗು ತಿರುಗಿಸುತ್ತಿತ್ತು, ಪಂಕ ಗರಗರ ಎನ್ನುತ್ತಿತ್ತು, ಬೆಳ್ಳಿಯ ಹೊಟ್ಟೆ ಬಿಸಿಲಿಗೆ ಮಿಂಚುತ್ತಿತ್ತು. ಹೊಲದಲ್ಲಿ ಒಂದೂ ಕಾಗೆ ಇರಲಿಲ್ಲ. ಪಾಠದ ಮೇಜಿನ ಮೇಲೆ ಕೂರಬೇಕಿದ್ದದ್ದು ಇಲ್ಲಿ ನಿಜಕ್ಕೂ ಗಾಳಿಯಲ್ಲಿ ತೇಲುತ್ತಿತ್ತು. ಬೈಯಲೆಂದು ಬಂದವಳು ಬಾಯಿ ತೆರೆದುಕೊಂಡು ನಿಂತೆ.

ಬದುವಿನ ಮೇಲೆ ಬಾಜೂ ಹೊಲದ ಕಾಕಾ ನಿಂತಿದ್ದರು. “ಯಾರ ಮಾಡ್ಯಾರ ಯಕ್ಕಾ ಇದನ್ನ?” ಎಂದು ಕೇಳುತ್ತಿದ್ದರು. ಅತ್ತೆಗೆ ನಾನು ಬಂದದ್ದು ಕಂಡಿರಲಿಲ್ಲ, ನಡುವೆ ಬದುವಿನ ಅಂಚಿನ ಕಬ್ಬಿತ್ತು. “ನಮ್ಮ ಸೊಸಿ,” ಎಂದರು ಅತ್ತೆ. “ಸಾಲಿ ಕಲಸ್ತಾಳ ಖರೆ, ಆದ್ರ ಕೈ ಮಣ್ಣಿನ ಕೈ ಐತಿ. ನನ್ನ ಮಗಳಿಗೂ ಫೋನ್ ಮಾಡಿ ಹೇಳೀನಿ, ನಿನಗ ಎತ್ತ ಮಾಡಾಕ ಬರತೈತಿ, ಈಕಿ ಇಮಾನ ಮಾಡ್ಯಾಳ ಅಂತ.” ನಾನು ಕಬ್ಬಿನ ಮರೆಯಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಹುಕ್ಕೇರಿಯಲ್ಲಿ ಆ ಫೋನು ಎತ್ತಿದವಳ ಮುಖ ನೆನೆದು ಮರುಗಳಿಗೆ ನಗುವೂ ಬಂತು.

ನಮ್ಮ ಹೆಡ್‌ಮಾಸ್ತರರು ವಿಜ್ಞಾನ ಪ್ರದರ್ಶನಕ್ಕೆ ವಿಮಾನ ತರಲು ಹೇಳಿದ್ದಾರೆ. ಅತ್ತೆಯನ್ನು ಕೇಳಿದೆ, ಬೆಳೆ ಮೊಣಕಾಲೆತ್ತರ ಬರುವ ತನಕ ಅದಕ್ಕೆ ರಜೆ ಇಲ್ಲವಂತೆ. ಬಾಜೂ ಹೊಲದ ಕಾಕಾ ತಮಗೂ ಒಂದು ಬೇಕೆಂದು ಮನೆಗೇ ಬಂದರು. ಇದು ಸೂಕ್ಷ್ಮ ಕಲೆ, ಇಂಥ ಕೆಲಸವನ್ನು ಕಾಗೆ ಓಡಿಸಲು ಮಾಡಿಕೊಡಲಾಗದು, ನನ್ನ ಸಮಯಕ್ಕೂ ಒಂದು ಬೆಲೆಯಿದೆ ಎಂದು ಗಟ್ಟಿಯಾಗಿ ಹೇಳಬೇಕೆಂದು ಒಳಗಿನಿಂದ ಸಿದ್ಧಳಾಗಿಯೇ ಬಂದೆ. ಅಷ್ಟರಲ್ಲಿ ಅತ್ತೆ ಅವರಿಗೆ, “ಆಕಿ ಕೈಲೆ ಆಗಲಾರದ್ದ ಏನೈತಿ?” ಎನ್ನುತ್ತಿದ್ದರು. ನಾನು ಕಾಕಾ ಅವರ ಮುಂದೆ ಕರದಂಟಿನ ತಟ್ಟೆ ಇಟ್ಟು, “ಮೂಗಿಗೆ ಯಾವ ಬಣ್ಣ ಹಚ್ಚಲ್ರಿ ಕಾಕಾ?” ಎಂದು ಕೇಳಿದೆ.