ತುಳಸಿಕಟ್ಟೆಯ ಅರ್ಥಿಂಗು

ಆದರ್ಶ ಮನೆಮಾಲೀಕ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ಇಡೀ ಬೆಟಗೇರಿ ನನ್ನ ಕಡೆ ಬೆರಳು ತೋರಿಸಬೇಕು ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ಹಾಗಾಗಿ ಮುಂದಿನ ಖೋಲಿಗಳಲ್ಲಿ ಬಾಡಿಗೆಗಿದ್ದ ಮುಂಡರಗಿಯ ಮಾಸ್ತರರು, ತಾವು ಹೊಸದಾಗಿ ಕೊಂಡ ಕರೆಂಟಿನ ಇಸ್ತ್ರಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದಾಗ ನಾನು ಕಿಂಚಿತ್ತೂ ಅಂಜಲಿಲ್ಲ. ಮುಟ್ಟುವವರು ಅವರು ತಾನೆ!

ಆದರೂ ವೈರಮನ್‌ನನ್ನು ಕರೆಸಿ ಇಡೀ ಮನೆಯ ವೈರಿಂಗ್ ತಪಾಸಣೆ ಮಾಡಿಸಿದೆ. ಈ ಮನೆಗೆ ಅರ್ಥಿಂಗೇ ಇಲ್ಲ, ಸೋರಿದ ಕರೆಂಟು ನೆಲಕ್ಕಿಳಿಯಲು ದಾರಿ ಬೇಕು ಎಂದ. ಹಿತ್ತಲಲ್ಲಿ ತೆಗ್ಗು ತೋಡಿ ತಾಮ್ರದ ತಗಡು ಹೂಳಬೇಕು, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಬೇಕು, ದಿನಾ ನೀರು ಹಾಕಬೇಕು. ತೆಗ್ಗು ತಯಾರಾದ ಮೇಲೆ ಬಂದು ವೈರು ಜೋಡಿಸುತ್ತೇನೆಂದು ಹೋದ.

ದಿನಾ ನೀರು! ಕುಡಿಯುವ ನೀರಿಗೇ ತತ್ವಾರ ಇರುವ ಊರಿನಲ್ಲಿ ಹಿತ್ತಲಿಗೆ ಕೊಡ ಹೊರುವವರು ಯಾರು? ಆಗ ನನ್ನ ತಲೆ ಓಡಿತು. ಜ್ವರ ಬಂದರೂ ನನ್ನ ಹೆಂಡತಿ ಸುಶೀಲಾ ನೀರೆರೆಯುವುದನ್ನು ಬಿಡದ ಜಾಗ ಒಂದಿತ್ತು, ಅಂಗಳದ ತುಳಸಿಕಟ್ಟೆ. ಅದರಲ್ಲಿದ್ದದ್ದು ಅವಳ ತೀರಿಹೋದ ತಾಯಿ ಕೊಟ್ಟ ತುಳಸಿ. ನಾಡು ಒಂದಾಗಿ ನಾವು ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದ ವರ್ಷವದು. ಸುಶೀಲಾ ದೀಪಾವಳಿಗೆ ಲಕ್ಷ್ಮೇಶ್ವರದ ತವರಿಗೆ ಹೋಗಿದ್ದಳು. ಓಣಿಯವರು ಏಕೀಕರಣದ ಖುಷಿಗೆ ಪೇಢೆ ಹಂಚುತ್ತಿದ್ದರು; ನಾನು ಕಟ್ಟೆಯ ಹಿಂದಿನ ಕಲ್ಲು ಕಿತ್ತು, ಬೇರಿನ ಬುಡಕ್ಕೇ ತಗಡು ಇಳಿಸಿ, ಹೇಳಿದ್ದಕ್ಕಿಂತ ದುಪ್ಪಟ್ಟು ಉಪ್ಪು ಸುರಿಯುತ್ತಿದ್ದೆ. ಸತ್ಕಾರ್ಯದಲ್ಲಿ ಜಿಪುಣತನ ಸಲ್ಲದು. ವೈರು ಜೋಡಿಸಿದ ಮೇಲೆ ಇಸ್ತ್ರಿ ಜುಮ್ಮೆನ್ನುವುದು ನಿಂತಿತು. ಮಾಸ್ತರರು ನನಗೆ ಕೈಮುಗಿದರು.

ಸುಶೀಲಾ ಬಂದಳು. ತುಳಸಿ ಲಗ್ನಕ್ಕೆ ಓಣಿಯ ಹೆಂಗಸರನ್ನೆಲ್ಲ ಕರೆದಳು. ಅಷ್ಟರಲ್ಲಿ ಮದುಮಗಳ ಎಲೆ ಹಳದಿಯಾಗತೊಡಗಿದವು. ಯಾರದೋ ದೃಷ್ಟಿ ತಾಗಿದೆ ಎಂದಳು. ನಾನು ಗಂಭೀರವಾಗಿ ಒಪ್ಪಿ, ಇನ್ನಷ್ಟು ನೀರು ಹಾಕಲು ಹೇಳಿದೆ. ಅರ್ಥಿಂಗಿಗೂ ಒಳ್ಳೆಯದಲ್ಲವೇ? ಎಲೆ ಉದುರಿದವು.

ಒಂದು ಮುಂಜಾನೆ ಅವಳು ಪ್ರದಕ್ಷಿಣೆ ಹಾಕಿ, ರೂಢಿಯಂತೆ ಬುಡದ ಮಣ್ಣನ್ನು ಹಣೆಗೆ ಹಚ್ಚಿಕೊಂಡು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡಳು. ಮುಖ ಕಿವುಚಿದಳು.

"ಇದೇನ್ರಿ, ಮಣ್ಣು ಉಪ್ಪುಪ್ಪು ಆಗೇತಿ?"

"ಅದು... ಮಾಸ್ತರ ಇಸ್ತ್ರಿ ಸಲುವಾಗಿ," ಎಂದೆ.

ಪೂರ್ತಿ ಕೇಳಿದ ಮೇಲೆ ಅವಳು ಬೈಯಲಿಲ್ಲ. "ನಮ್ಮವ್ವನ ಕೈಯಾಗಿಂದು ಅದೊಂದ ಉಳಿದಿತ್ರಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕೂಡಲೇ ಉಪ್ಪು ತೊಳೆಯಲೆಂದು ಕೊಡಗಟ್ಟಲೆ ನೀರು ಸುರಿದೆ. ಕಿತ್ತ ಕಲ್ಲಿನ ಕಿಂಡಿಯಿಂದ ಮಣ್ಣೆಲ್ಲ ಹರಿದುಹೋಗಿ ತುಳಸಿ ಪಕ್ಕಕ್ಕೆ ಮಲಗಿತು. ಮತ್ತೆ ಮಣ್ಣು ತುಂಬಿ, ಎತ್ತಿ ನಿಲ್ಲಿಸಿ ಕೋಲು ಕಟ್ಟಿದೆ. ಕೋಲೇ ಹೆಚ್ಚು ಹಸಿರಾಗಿತ್ತು.

ಲಗ್ನದ ಸಂಜೆ ಕಬ್ಬಿನ ಮಂಟಪ ಸಿದ್ಧವಾಯಿತು, ವರನಾಗಿ ನೆಲ್ಲಿಯ ಟೊಂಗೆಯೂ ಬಂತು. ಏನಾದರೂ ಶೋಭೆ ಇರಲಿ ಎಂದು ನಾನು ಅಂಗಳಕ್ಕೆ ಹೊಸ ಬಲ್ಬು ಹಾಕಿಸಿದ್ದೆ. ಅದರ ಝಗಝಗ ಬೆಳಕಿನಲ್ಲಿ ಹೆಂಗಸರೆಲ್ಲ ಒಣಕಡ್ಡಿಯನ್ನು ಚೆನ್ನಾಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಆಗ ಮಾಸ್ತರರ ಹೆಂಡತಿ ತಮ್ಮ ಖೋಲಿಯಿಂದ ಎಣ್ಣೆಯ ಡಬ್ಬಿಯೊಂದನ್ನು ಎತ್ತಿಕೊಂಡು ಬಂದಳು. ಅದರಲ್ಲಿ ಗೇಣುದ್ದದ ಎಳೆ ತುಳಸಿ.

"ಸುಶೀಲಕ್ಕ, ಇದು ನಿಮ್ಮ ತುಳಸಿ ಬೀಜದ್ದ ಐತಿ. ನಮ್ಮ ಬಾಗಿಲ ಮುಂದ ಉದುರಿ ಹುಟ್ಟಿತ್ತು."

ಸುಶೀಲಾ ಡಬ್ಬಿಯನ್ನು ಎದೆಗವಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಮದುವೆ ಸಾಂಗವಾಗಿ ನಡೆಯಿತು. ಮುಗಿದ ಮೇಲೆ, ಡಬ್ಬಿ ನೀವೇ ಇಟ್ಟುಕೊಳ್ಳಿ ಎಂದು ಮಾಸ್ತರರ ಹೆಂಡತಿ ಒತ್ತಾಯ ಮಾಡಿದಳು.

"ಬ್ಯಾಡ್ರಿ, ನಿಮ್ಮ ಕಡೇನ ಇರಲಿ," ಎಂದಳು ಸುಶೀಲಾ. "ನಮ್ಮ ಮನ್ಯಾಗ ಇವರು ಅದಾರ."

ಅಂದಿನಿಂದ ಅವಳು ದಿನಾ ಬಾಡಿಗೆದಾರರ ಬಾಗಿಲಿಗೆ ಹೋಗಿ ನೀರೆರೆದು ಬರುತ್ತಾಳೆ. ತಪಾಸಣೆಯಲ್ಲಿ ಮನೆ ಪಾಸಾಯಿತು. ಮಾಲೀಕ ನಪಾಸು!